ಜರೀಗಿಡಕ್ಕೆ ಬಿಸಿಲೂ ಬೇಡ, ಬಚ್ಚಲಿನ ಕತ್ತಲೂ ಬೇಡ

ಹೋದ ಸಂಚಿಕೆಯಲ್ಲಿ ನೆರಳಿನ ಗಿಡಗಳ ಬಗ್ಗೆ ಬರೆಯುವಾಗ ಜರೀಗಿಡದ, ಅಂದರೆ ಫರ್ನ್ ಬಗ್ಗೆ ಎರಡೇ ಸಾಲು ಬರೆದಿದ್ದೆ. ಹೂವಿಲ್ಲ, ಬೀಜವಿಲ್ಲ, ಆದರೂ ವರ್ಷವಿಡೀ ಹಸಿರು ಅಂತ. ಓದುಗರು ಬಿಡಲಿಲ್ಲ. "ವರ್ಷವಿಡೀ ಹಸಿರು ಅಂದ್ರಲ್ಲ, ನಮ್ಮದು ಯಾಕೆ ಕಂದು?" ಅಂತಲೇ ಹೆಚ್ಚಿನ ಪತ್ರಗಳು ಬಂದಿವೆ. ಹಾಗಾಗಿ ಈ ಸಲದ ಪುಟ ಪೂರ್ತಿ ಜರೀಗಿಡಕ್ಕೆ.

ನಾನು ಹೇಳುವುದೆಲ್ಲ ಸಾಗರದ ಹತ್ತಿರ, ಅಡಿಕೆ ತೋಟದ ಅಂಚಿನಲ್ಲಿರುವ ನಮ್ಮ ನರ್ಸರಿಯಲ್ಲಿ ಕಂಡದ್ದು, ಗಿಡ ಒಯ್ದವರು ಮತ್ತೆ ಬಂದು ಹೇಳಿದ್ದು. ನಮ್ಮಲ್ಲಿ ಮಳೆಗಾಲ ಬಂತೆಂದರೆ ಬಾವಿಯ ಕಲ್ಲಿನ ಸಂದಿಯಲ್ಲೂ ಜರಿ ತಾನಾಗಿ ಹುಟ್ಟುತ್ತದೆ. ಅದಕ್ಕೇ ಬಯಲುಸೀಮೆಯವರ ಕಷ್ಟ ನಿಮಗೇನು ಗೊತ್ತು ಅಂತ ಒಬ್ಬರು ಚೆನ್ನಾಗಿ ಬೈದಿದ್ದಾರೆ. ಅವರ ಪ್ರಶ್ನೆಯೂ ಕೆಳಗಿದೆ.

ಪ್ರಶ್ನೆ: ತಂದಾಗ ನನ್ನ ಬೋಸ್ಟನ್ ಫರ್ನ್ ಬುಟ್ಟಿ ತುಂಬಿ ಇಳಿಬಿದ್ದಿತ್ತು. ಒಂಬತ್ತನೇ ಮಹಡಿಯ ಬಾಲ್ಕನಿಯಲ್ಲಿ ತೂಗುಹಾಕಿದ್ದೇನೆ. ದಿನಾ ನೀರು ಹಾಕುತ್ತೇನೆ. ನಮ್ಮದು ಟ್ಯಾಂಕರ್ ನೀರು. ಈಗ ಎಲೆಯ ತುದಿಯೆಲ್ಲ ಕಂದು. ಚಿಕ್ಕ ಚಿಕ್ಕ ಎಲೆಗಳು ಉದುರುತ್ತಿವೆ, ಗುಡಿಸಿ ಗುಡಿಸಿ ಸಾಕಾಗಿದೆ. ಎರಡು ಸಲ ಗೊಬ್ಬರವನ್ನೂ ಕೊಟ್ಟೆ. ಏನು ಕಡಿಮೆಯಾಗಿದೆ?
— ಗೃಹಿಣಿ, ಬೆಂಗಳೂರು

ಉತ್ತರ: ಕಡಿಮೆ ಏನೂ ಆಗಿಲ್ಲ ತಾಯಿ. ಗಾಳಿ ಜಾಸ್ತಿಯಾಗಿದೆ, ಉಪ್ಪು ಜಾಸ್ತಿಯಾಗಿದೆ.

ಮೊದಲು ಗಿಡ ಎಲ್ಲಿಂದ ಬಂತು ನೋಡಿ. ಇದರ ಮೂಲ ಫ್ಲೋರಿಡಾ, ಕೆರಿಬಿಯನ್ ದ್ವೀಪಗಳ ಕಡೆಯ ತೇವದ ಕಾಡು. 1894ರಲ್ಲಿ ಫಿಲಡೆಲ್ಫಿಯಾದಿಂದ ಬೋಸ್ಟನ್ನಿಗೆ ಜರೀಗಿಡಗಳ ಒಂದು ಸರಕು ಹೋಯಿತು. ಅದರಲ್ಲಿ ಎಲ್ಲ ಗಿಡಗಳ ಎಲೆ ನೆಟ್ಟಗೆ ನಿಂತಿದ್ದರೆ, ಒಂದರದ್ದು ಮಾತ್ರ ಬಾಗಿ ಇಳಿಬಿದ್ದಿತ್ತು. ನಿಮ್ಮ ಬುಟ್ಟಿಯಲ್ಲಿರುವುದು ಆ ಗಿಡದ ಸಂತಾನ. ತೇವದ ಕಾಡಿನ ಕೂಸಾದ್ದರಿಂದ ಬೆಂಗಳೂರಿನ ಸೆಕೆ ಅದಕ್ಕೆ ದೊಡ್ಡ ವಿಷಯವೇ ಅಲ್ಲ. ಒಣ ಗಾಳಿ ಮಾತ್ರ ಆಗಿಬರಲ್ಲ. ಅದೂ ಅಲ್ಲದೆ ಮಾರುವ ಮುಂಚೆ ಅದು ಇದ್ದದ್ದು ನೆರಳು ಬಲೆಯ ಕೆಳಗೆ, ಆಗಾಗ ಸಣ್ಣಗೆ ನೀರು ಚಿಮ್ಮುವ ಜಾಗದಲ್ಲಿ. ಅಲ್ಲಿಂದ ಎತ್ತಿ ಒಂಬತ್ತನೇ ಮಹಡಿಯ ಗಾಳಿಗೆ ನೇತುಹಾಕಿದಿರಿ. ಮಾರ್ಚ್, ಏಪ್ರಿಲ್ ಮಧ್ಯಾಹ್ನ ಅಲ್ಲಿ ಒದ್ದೆ ಬಟ್ಟೆ ಎಷ್ಟು ಬೇಗ ಒಣಗುತ್ತೆ ಅಂತ ನಿಮಗೇ ಗೊತ್ತು. ಎಲೆಯೂ ಅಷ್ಟೇ ಬೇಗ ಒಣಗುತ್ತದೆ. ಬೇರು ಎಷ್ಟು ನೀರು ಎಳೆದರೂ ತುದಿಗೆ ಮುಟ್ಟುವುದಿಲ್ಲ.

ಇನ್ನು ನೀರು. ಬೆಂಗಳೂರಿನ ಟ್ಯಾಂಕರ್ ನೀರು ಅಂದರೆ ಹೆಚ್ಚಾಗಿ ಬೋರ್‌ವೆಲ್ ನೀರು. ಗಡುಸು. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದೆಯಾ ನೋಡಿ. ಕಟ್ಟಿದ್ದರೆ ಅದು ನೀರಿನಲ್ಲಿದ್ದ ಉಪ್ಪು. ದಿನಾ ಸ್ವಲ್ಪ ಸ್ವಲ್ಪ ನೀರು ಹಾಕಿದಾಗ ನೀರು ಆವಿಯಾಗುತ್ತೆ, ಉಪ್ಪು ಕುಂಡದಲ್ಲೇ ಕೂರುತ್ತೆ. ನೀವು ಕೊಟ್ಟ ಗೊಬ್ಬರವೂ ಒಂದು ಬಗೆಯ ಉಪ್ಪೇ. ಜರಿಯ ಬೇರು ತುಂಬ ಸಣ್ಣ, ಬೇಗ ಸುಡುತ್ತದೆ. ಆರ್‌ಓ ಯಂತ್ರದಿಂದ ಹೊರಹೋಗುವ ನೀರು ಹಾಕಬೇಡಿ, ಅದರಲ್ಲಿ ಉಪ್ಪು ಇನ್ನೂ ಜಾಸ್ತಿ. ನೀರು ಉಳಿಸುವ ಹುಮ್ಮಸ್ಸಿನಲ್ಲಿ ಸುಮಾರು ಜನ ಅದನ್ನೇ ಗಿಡಕ್ಕೆ ಸುರಿಯುತ್ತಾರೆ. ನೆಲ ಒರೆಸಿ, ಬಚ್ಚಲು ತೊಳೆಯಿರಿ, ಜರಿಗೆ ಮಾತ್ರ ಬೇಡ. ಮಳೆ ನೀರು ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು. ಎಸಿಯಿಂದ ತೊಟ್ಟಿಕ್ಕುವ ನೀರೂ ಆಗುತ್ತದೆ, ಅದರಲ್ಲಿ ಉಪ್ಪಿಲ್ಲ. ಕಾವೇರಿ ನೀರು ಬರುವ ಮನೆಯಾದರೆ ಚಿಂತೆ ಕಡಿಮೆ.

ಈಗ ಮಾಡಬೇಕಾದ್ದು. ಬುಟ್ಟಿಯನ್ನು ಕೆಳಗಿಳಿಸಿ. ಪೂರ್ವದ ಕಿಟಕಿಯ ಹತ್ತಿರ, ಬೆಳಗಿನ ಎಳೆ ಬಿಸಿಲು ಸ್ವಲ್ಪ ಹೊತ್ತು ಬಿದ್ದು ಹೋಗುವಲ್ಲಿ ಇಡಿ. ಕೈ ಅಡ್ಡ ಹಿಡಿದರೆ ತೆಳುವಾದ ನೆರಳು ಬೀಳಬೇಕು, ಅಷ್ಟು ಬೆಳಕು ಸಾಕು. ಫರ್ನ್‌ಗೆ ನೆರಳು ಬೇಕು ಅಂತ ಕಿಟಕಿಯೇ ಇಲ್ಲದ ಬಚ್ಚಲಲ್ಲಿ ಕೂರಿಸುವವರಿದ್ದಾರೆ. ಅಲ್ಲಿ ತೇವ ಇರುತ್ತದೆ, ಬೆಳಕಿಲ್ಲದೆ ಗಿಡ ಸೊರಗುತ್ತದೆ. ಕಿಟಕಿ ಇರುವ ಬಚ್ಚಲಾದರೆ ಧಾರಾಳವಾಗಿ ಇಡಿ.

ಎಲೆ ಉದುರಿ ಬರೀ ಕಡ್ಡಿಯಾಗಿರುವುದನ್ನು ಬುಡದಿಂದಲೇ ಕತ್ತರಿಸಿ. ತುದಿ ಮಾತ್ರ ಕತ್ತರಿಸಿ ಅಂದಗೊಳಿಸುತ್ತಾ ಕೂತರೆ ಪ್ರಯೋಜನವಿಲ್ಲ, ಬೋಳಾದ ಕಡ್ಡಿಯಲ್ಲಿ ಮತ್ತೆ ಎಲೆ ಬರುವುದಿಲ್ಲ. ಬುಡದ ಮಧ್ಯದಲ್ಲಿ ಸುರುಳಿ ಸುತ್ತಿದ ಎಳೆ ಚಿಗುರು ಕಂಡರೆ ಗಿಡ ಬದುಕಿದೆ ಅಂತ ಅರ್ಥ. ಆಮೇಲೆ ಕುಂಡವನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ. ಕೊಕೊಪೀಟ್, ಅಂದರೆ ಕುಂಡದಲ್ಲಿ ತುಂಬುವ ತೆಂಗಿನ ನಾರಿನ ಪುಡಿ, ಒಮ್ಮೆ ಪೂರ್ತಿ ಒಣಗಿತೆಂದರೆ ಮೇಲಿಂದ ಸುರಿದ ನೀರು ಕುಂಡದ ಪಕ್ಕದಿಂದಲೇ ಜಾರಿ ಹೋಗುತ್ತದೆ. ನೀವು ನೀರು ಹಾಕಿದ್ದೀರಿ, ಬೇರಿಗೆ ಸಿಕ್ಕೇ ಇಲ್ಲ, ಹಾಗೂ ಆಗಿರಬಹುದು. ಮುಂದೆ ಮಣ್ಣಿಗೆ ಬೆರಳು ಹಾಕಿ ನೋಡಿ. ಮೇಲಿನ ಒಂದು ಗೆಣ್ಣು ಒಣಗಿದ್ದರೆ ಕೆಳಗಿನ ತೂತಿನಿಂದ ಹರಿಯುವಷ್ಟು ನೀರು ಹಾಕಿ, ಇಲ್ಲದಿದ್ದರೆ ಬಿಡಿ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ.

ಗೊಬ್ಬರ ಸದ್ಯಕ್ಕೆ ಮರೆತುಬಿಡಿ. ಮಳೆ ಶುರುವಾಗಿ ಹೊಸ ಎಲೆ ಬಂದ ಮೇಲೆ ಲೀಟರ್ ನೀರಿಗೆ 1 ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನಲ್ಲಿರುವ, ನೀರಿನಲ್ಲಿ ಕರಗುವ ಗೊಬ್ಬರ) ಕಲಸಿ ತಿಂಗಳಿಗೊಮ್ಮೆ ಕೊಟ್ಟರೆ ಹೆಚ್ಚಾಯಿತು. ಒಂದು ಹಿಡಿ ಎರೆಗೊಬ್ಬರವಾದರೂ ಆಗುತ್ತದೆ. ಕುಂಡ ಬದಲಿಸುವುದೂ ಜೂನ್‌ನಲ್ಲೇ. ನಮ್ಮ ಮಿಶ್ರಣ ಹೀಗೆ: ಕೊಳೆತ ದರಗು ಎರಡು ಪಾಲು, ತೊಳೆದ ಕೊಕೊಪೀಟ್ ಒಂದು ಪಾಲು, ದಪ್ಪ ಮರಳು ಒಂದು ಪಾಲು, ಮೇಲೊಂದಿಷ್ಟು ಇದ್ದಿಲ ಚೂರು. ಕೆಮ್ಮಣ್ಣು ಹಾಕಬೇಡಿ, ಒಣಗಿದರೆ ಇಟ್ಟಿಗೆ. ನಗರದಲ್ಲಿ ದರಗು ಎಲ್ಲಿಂದ ತರಲಿ ಅನ್ನಬೇಡಿ. ಬೀದಿಯ ಮರದ ಒಣ ಎಲೆ ಗುಡಿಸಿ ಸುಡುತ್ತಾರಲ್ಲ, ಒಂದು ಚೀಲ ಕೇಳಿ ತಂದು ಒದ್ದೆ ಮಾಡಿ ಮೂಲೆಯಲ್ಲಿಡಿ. ಒಂದು ಮಳೆಗಾಲ ಕಳೆದರೆ ಕೊಳೆತು ಸಿದ್ಧ.

ಕೊನೆಗೊಂದು ಮಾತು. ಸ್ಪ್ರೇ ಬಾಟಲಿ ಹಿಡಿದು ಗಂಟೆಗೊಮ್ಮೆ ನೀರು ಚಿಮುಕಿಸುವುದು ನಮ್ಮ ಸಮಾಧಾನಕ್ಕೆ ಮಾತ್ರ. ಗಾಳಿಯಲ್ಲಿ ಆ ತೇವ ಸ್ವಲ್ಪ ಹೊತ್ತೂ ನಿಲ್ಲುವುದಿಲ್ಲ. ಅದರ ಬದಲು ನಾಲ್ಕಾರು ಕುಂಡಗಳನ್ನು ಒತ್ತೊತ್ತಾಗಿ ಜೋಡಿಸಿ. ಒಂದರ ಉಸಿರು ಇನ್ನೊಂದಕ್ಕೆ ತಾಗುತ್ತದೆ.

ಪ್ರಶ್ನೆ: ನಮ್ಮ ಜರೀಗಿಡದ ಎಲೆಯ ಹಿಂಭಾಗದಲ್ಲಿ ಸಾಲುಸಾಲಾಗಿ ಕಂದು ಚುಕ್ಕೆ. ಪಕ್ಕದ ಮನೆಯವರು ಶಲ್ಕ ಕೀಟ ಅಂದರು, ಔಷಧಿಯನ್ನೂ ತಂದುಕೊಟ್ಟಿದ್ದಾರೆ. ಹೊಡೆಯಲೇ?
— ನಿವೃತ್ತ ಮೇಷ್ಟ್ರು, ಮೈಸೂರು

ಉತ್ತರ: ಔಷಧಿ ವಾಪಸ್ ಕೊಡಿ ಸಾರ್. ಸಾಲುಸಾಲಾಗಿ ಅಂತ ನೀವೇ ಬರೆದಿದ್ದೀರಿ. ಹುಳು ಅಷ್ಟು ಶಿಸ್ತಾಗಿ ಕೂರುವುದಿಲ್ಲ. ಅವು ಬೀಜಕಗಳ ಗುಂಪು. ಹೂ, ಬೀಜ ಇಲ್ಲದ ಜರಿ ಸಂತಾನ ಬೆಳೆಸುವುದು ಆ ಕಂದು ಪುಡಿಯಿಂದಲೇ. ನಿಮ್ಮ ಗಿಡ ಆರೋಗ್ಯವಾಗಿದೆ, ಅಷ್ಟೇ.

ನಿಜವಾದ ಶಲ್ಕ ಕೀಟವಾದರೆ ಎಲ್ಲೆಂದರಲ್ಲಿ, ಅದರಲ್ಲೂ ಎಲೆಯ ನಡುನರ ಮತ್ತು ಕಡ್ಡಿಯ ಮೇಲೆ ಅಂಟಿರುತ್ತದೆ. ಉಗುರಿನಿಂದ ಕೆರೆದರೆ ಚಿಪ್ಪು ಇಡಿಯಾಗಿ ಏಳುತ್ತದೆ. ಕೆಳಗಿನ ಎಲೆ ಅಂಟಂಟಾಗಿ ಇರುವೆ ಹತ್ತಿರುತ್ತದೆ. ಹಾಗೇನಾದರೂ ಕಂಡರೆ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ಹೆಚ್ಚು ಹತ್ತಿದ ಎಲೆ ಕತ್ತರಿಸಿ. ಹಿಟ್ಟು ತಿಗಣೆಗೂ ಇದೇ ಉಪಾಯ. ಜರಿಯ ಎಲೆ ತೆಳು. ಬೇರೆ ಗಿಡಕ್ಕೆ ಹೊಡೆಯುವ ಔಷಧಿಯನ್ನು ಅದೇ ಅಳತೆಯಲ್ಲಿ ಹೊಡೆದರೆ ಹುಳುವಿನ ಜೊತೆ ಎಲೆಯೂ ಸುಡುತ್ತದೆ. ಬೇವಿನ ಎಣ್ಣೆಯನ್ನೂ ಮೊದಲು ಒಂದೇ ಎಲೆಗೆ ಹಾಕಿ ಎರಡು ದಿನ ಕಾದು ನೋಡಬೇಕು.

ನೀವು ಮೇಷ್ಟ್ರು, ಮೊಮ್ಮಕ್ಕಳೂ ಇರಬಹುದು. ಒಂದು ಕೆಲಸ ಹೇಳಲೇ? ಚುಕ್ಕೆ ಚೆನ್ನಾಗಿ ಕಂದಾದ ಎಲೆಯೊಂದನ್ನು ಕಿತ್ತು, ಚುಕ್ಕೆ ಕೆಳಗೆ ಬರುವಂತೆ ಬಿಳಿ ಕಾಗದದ ಮೇಲಿಟ್ಟು ಮೇಲೆ ಪುಸ್ತಕ ಹೇರಿ. ಒಂದೆರಡು ದಿನದಲ್ಲಿ ಕಾಗದದ ಮೇಲೆ ಎಲೆಯ ಅಚ್ಚು ಮೂಡುವಂತೆ ಪುಡಿ ಉದುರುತ್ತದೆ. ಕೊಕೊಪೀಟ್‌ಗೆ ಕುದಿಯುವ ನೀರು ಸುರಿದು, ಆರಿಸಿ, ಪಾರದರ್ಶಕ ಡಬ್ಬಿಯಲ್ಲಿ ಹರಡಿ. ಮೇಲೆ ಪುಡಿ ಉದುರಿಸಿ ಮುಚ್ಚಳ ಹಾಕಿ. ಬಿಸಿಲಿಲ್ಲದ, ಬೆಳಕಿರುವ ಕಡೆ ಇಡಿ. ಕೆಲವು ವಾರಗಳಲ್ಲಿ ಹಸಿರು ಪಾಚಿಯಂತೆ ಕಟ್ಟುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಪಾಚಿಯಲ್ಲ, ವೀಳ್ಯದೆಲೆಯ ಆಕಾರದ ಪುಟ್ಟ ಪುಟ್ಟ ಹಾಳೆಗಳು. ಗಂಡು, ಹೆಣ್ಣು ಭಾಗಗಳಿರುವುದು ಅದರ ಅಡಿಯಲ್ಲಿ. ಗಂಡು ಕಣ ಹೆಣ್ಣು ಕಣದವರೆಗೆ ನೀರಿನಲ್ಲಿ ಈಜಿಯೇ ಹೋಗಬೇಕು. ಹಾಗಾಗಿ ಒಳಗೆ ತೇವ ಆರಬಾರದು. ಆಮೇಲೆ ಆ ಹಾಳೆಯಿಂದಲೇ ನಿಜವಾದ ಜರಿ ಮೇಲೇಳುತ್ತದೆ. ತಿಂಗಳುಗಟ್ಟಲೆ ಹಿಡಿಯುವ ಕೆಲಸ, ಆದರೆ ಶಾಲೆಯ ಪುಸ್ತಕದ ಚಿತ್ರಕ್ಕಿಂತ ಚೆಂದ. ಬೋಸ್ಟನ್ ಫರ್ನ್‌ನಲ್ಲಿ ಇದು ಸಾಮಾನ್ಯವಾಗಿ ನಡೆಯಲ್ಲ. ಅದನ್ನು ಬುಡ ಸೀಳಿಯೋ, ದಾರದಂತೆ ಹರಿಯುವ ಬಳ್ಳಿಯ ಮರಿಯಿಂದಲೋ ಮಾಡಿಕೊಳ್ಳಬೇಕು.

ಪ್ರಶ್ನೆ: ಕುಂಡ ಬದಲಿಸಲು ಹೋದೆ. ಬೇರಿನ ತುಂಬ ಗೋಲಿ ಗಾತ್ರದ ಗಂಟುಗಳು! ಬೇರುಗಂಟು ರೋಗ ಅಂತ ಗಿಡ ಎಸೆಯಬೇಕೆಂದಿದ್ದೇನೆ.
— ಬ್ಯಾಂಕ್ ಉದ್ಯೋಗಿ, ಮಂಗಳೂರು

ಉತ್ತರ: ಎಸೆಯಬೇಡಿ. ಬೇರುಗಂಟು ರೋಗದಲ್ಲಿ ಬೇರೇ ಅಲ್ಲಲ್ಲಿ ಉಬ್ಬಿರುತ್ತದೆ. ನಿಮ್ಮದು ಬೇರಿಗೆ ಜೋತುಬಿದ್ದ ಪ್ರತ್ಯೇಕ ಉಂಡೆ, ಮೇಲೆ ಕಂದು ಹೊಟ್ಟು. ಒಂದನ್ನು ಕತ್ತರಿಸಿ ನೋಡಿ, ಒಳಗೆಲ್ಲ ನೀರು. ಅದು ನೆಫ್ರೊಲೆಪಿಸ್ ಕಾರ್ಡಿಫೋಲಿಯಾ ಎಂಬ ಜರಿ, ಬೋಸ್ಟನ್‌ನ ಹತ್ತಿರದ ನೆಂಟ. ಬೋಸ್ಟನ್‌ಗೆ ಈ ಗಡ್ಡೆ ಇಲ್ಲ. ಕರಾವಳಿ, ಮಲೆನಾಡಿನಲ್ಲಿ ಅಂಗಳದ ಕಟ್ಟೆಯ ಸುತ್ತ ನೆಟ್ಟಗೆ ಎದ್ದು ನಿಂತಿರುವುದು ಹೆಚ್ಚಾಗಿ ಇದೇ. ನನ್ನನ್ನು ಕೇಳಿದರೆ ಅರ್ಧಕ್ಕರ್ಧ ಜನ ಬೋಸ್ಟನ್ ಬಿಟ್ಟು ಇದನ್ನೇ ಬೆಳೆಸಬೇಕು. ಅಷ್ಟು ನಾಜೂಕಿಲ್ಲ. ಎರಡು ದಿನ ನೀರು ಮರೆತರೆ ಗಡ್ಡೆಯಲ್ಲಿದ್ದ ನೀರು ಕುಡಿದು ಬದುಕುತ್ತದೆ. ಗಡ್ಡೆ ನೆಟ್ಟರೂ ಗಿಡ ಬರುತ್ತದೆ. ಒಂದೇ ಎಚ್ಚರ, ನೆಲಕ್ಕೆ ಬಿಟ್ಟರೆ ಪಕ್ಕದ ಗಿಡಗಳನ್ನು ನುಂಗುತ್ತಾ ಹರಡುತ್ತದೆ. ಫ್ಲೋರಿಡಾದಲ್ಲಿ ಇದು ಕಳೆಯೇ ಆಗಿಬಿಟ್ಟಿದೆ. ಕುಂಡದಲ್ಲೇ ಇರಲಿ.

ಪ್ರಶ್ನೆ: ನೀವು ಮಲೆನಾಡಿನವರು, ನಿಮಗೇನ್ರಿ, ಉಗುಳಿದಲ್ಲಿ ಗಿಡ ಹುಟ್ಟತದ. ನಮ್ಮ ಕಡೆ ಮೇ ತಿಂಗಳದಾಗ 42 ಡಿಗ್ರಿ. ನಮ್ಮಂಥವರು ಫರ್ನ್ ಆಸೆ ಬಿಡಬೇಕೇನು?
— ಔಷಧಿ ಅಂಗಡಿಯವರು, ಕಲಬುರಗಿ

ಉತ್ತರ: ಬೈಗುಳ ಒಪ್ಪಿಕೊಂಡೆ. ಆಸೆ ಬಿಡಬೇಡಿ, ಆದರೆ ಬೋಸ್ಟನ್, ಕಪ್ಪು ಕಡ್ಡಿಯ ತೆಳು ಎಲೆಯ ಜರಿಯಾದ ಮೇಡನ್‌ಹೇರ್, ಎರಡರ ಆಸೆ ಬಿಡಿ. ಮೇಡನ್‌ಹೇರ್ ಅಂತೂ ನಮ್ಮಲ್ಲೇ ಒಂದು ದಿನ ನೀರು ತಪ್ಪಿದರೆ ಹಪ್ಪಳ. ಮೇಲಿನ ಉತ್ತರದಲ್ಲಿ ಹೇಳಿದ ಗಡ್ಡೆಯ ಜರಿ ತನ್ನಿ. ತರುವುದು ಜುಲೈನಲ್ಲಿ, ಮಾರ್ಚ್‌ನಲ್ಲಿ ಅಲ್ಲ. ಬೇರು ಬಿಡಲು ಅದಕ್ಕೆ ಏಳೆಂಟು ತಿಂಗಳು ಸಿಗಬೇಕು.

ಮಣ್ಣಿನ ಕುಂಡವನ್ನು ಇನ್ನೂ ದೊಡ್ಡ ಮಣ್ಣಿನ ಕುಂಡದೊಳಗೆ ಕೂರಿಸಿ, ನಡುವಿನ ಜಾಗಕ್ಕೆ ಮರಳು ತುಂಬಿ, ಆ ಮರಳಿಗೆ ದಿನಾ ನೀರು ಹಾಕಿ. ಒಳಗಿನ ಬೇರು ತಣ್ಣಗಿರುತ್ತದೆ. ಮಾರ್ಚ್ ಬಂದ ಕೂಡಲೇ ಪಡಸಾಲೆಯೊಳಗೆ ತನ್ನಿ. ನಿಮ್ಮಲ್ಲಿ ನೀರಿನ ಕೂಲರ್ ಇರುತ್ತದಲ್ಲ, ಅದು ಓಡುವ ಕೋಣೆಯೇ ಜರಿಗೆ ಒಳ್ಳೆಯ ಜಾಗ. ಎಸಿ ಗಾಳಿಯನ್ನು ಒಣಗಿಸುತ್ತದೆ, ಕೂಲರ್ ತೇವ ತುಂಬುತ್ತದೆ. ಆದರೆ ಅದರ ಗಾಳಿ ನೇರವಾಗಿ ಎಲೆಗೆ ಹೊಡೆಯಬಾರದು, ಒಂದು ಬದಿಗಿಡಿ. ಇಷ್ಟಾದ ಮೇಲೂ ಮೇ ತಿಂಗಳಲ್ಲಿ ಎಲೆ ಒಣಗಬಹುದು. ಒಣಗಲಿ. ಬುಡಕ್ಕೆ ಕತ್ತರಿಸಿ ಮಣ್ಣು ಸ್ವಲ್ಪ ಹಸಿಯಾಗಿಟ್ಟುಕೊಳ್ಳಿ. ಗಡ್ಡೆ ಬದುಕಿದ್ದರೆ ಮಳೆ ಬಿದ್ದ ಮೇಲೆ ಚಿಗುರುತ್ತದೆ.

ಪ್ರಶ್ನೆ: ನಮ್ಮ ತೋಟದ ಹಲಸಿನ ಮರದ ಮೇಲೆ ಹಕ್ಕಿಗೂಡಿನಂತೆ ದೊಡ್ಡ ಜರಿ ಬೆಳೆದಿದೆ. ಕಿತ್ತು ಕುಂಡಕ್ಕೆ ಹಾಕಬಹುದಾ? ಕಾಡಿನಲ್ಲೂ ಬೇಕಾದಷ್ಟಿವೆ.
— ಕೃಷಿಕರು, ಕೊಪ್ಪ

ಉತ್ತರ: ನಿಮ್ಮ ಹಲಸು, ನಿಮ್ಮ ಇಷ್ಟ. ಆದರೂ ಮರದ ಮೇಲೆ ಅಷ್ಟು ಚೆಂದ ಕೂತಿರುವುದನ್ನು ಯಾಕೆ ಇಳಿಸುತ್ತೀರಿ? ಕಾಡಿನದ್ದಕ್ಕಂತೂ ಕೈ ಹಾಕಬೇಡಿ. ರಕ್ಷಿತ ಕಾಡಿನಿಂದ ಗಿಡ ತರುವುದು ಅಪರಾಧ. ತೆಂಗಿನ ಮರದಂತೆ ಎದ್ದು ನಿಲ್ಲುವ ಮರಜರಿಯ ವ್ಯಾಪಾರಕ್ಕಂತೂ ಅಂತರರಾಷ್ಟ್ರೀಯ ಒಪ್ಪಂದದ ಕಟ್ಟುಪಾಡೂ ಇದೆ. ಕಾನೂನು ಒತ್ತಟ್ಟಿಗಿರಲಿ, ಕಿತ್ತು ತಂದ ದೊಡ್ಡ ಗಿಡ ಬದುಕುವುದೂ ಅಪರೂಪ. ನರ್ಸರಿಯಲ್ಲಿ ಬೆಳೆಸಿದ ಮರಿ ತನ್ನಿ.

ಇದು ಮರದ ಮೇಲೆ ಕೂರುತ್ತದೆಯೇ ಹೊರತು ಮರದ ರಸ ಹೀರುವುದಿಲ್ಲ. ಬಟ್ಟಲಿನಂತಿರುವ ನಡುವೆ ಬಿದ್ದ ದರಗು ಕೊಳೆತು ಅದೇ ಗೊಬ್ಬರವಾಗುತ್ತದೆ. ಹಾಗಾಗಿ ಕುಂಡದಲ್ಲಿ ಮಣ್ಣು ಬೇಡ. ತೆಂಗಿನ ಸಿಪ್ಪೆಯ ತುಂಡು, ದರಗು, ಇದ್ದಿಲು ಸಾಕು. ಮರದ ಮೇಲೆ ನಡುವಿಗೆ ಬಿದ್ದ ಮಳೆನೀರು ಬೇರಿನ ಮೆತ್ತೆಯ ಮೂಲಕ ಇಳಿದುಹೋಗುತ್ತದೆ, ಗಾಳಿಯೂ ಆಡುತ್ತದೆ. ಮನೆಯೊಳಗೆ ಆ ಬಟ್ಟಲಿಗೆ ನೀರು ಸುರಿದರೆ ನಿಂತು ಚಿಗುರು ಕೊಳೆಯುತ್ತದೆ. ಸುತ್ತ ಬುಡಕ್ಕೆ ಹಾಕಿ. ನಡುವಿನ ಎಳೆ ಎಲೆಯನ್ನು ಮುಟ್ಟಿ ನೋಡುವ ಚಟ ಬೇಡ, ಬೆರಳು ತಾಗಿದಲ್ಲಿ ಕಲೆ ಉಳಿಯುತ್ತದೆ. ಎಲೆ ಹೊಳೆಯಲಿ ಅಂತ ಕೊಬ್ಬರಿ ಎಣ್ಣೆ, ಹಾಲು ಸವರುವುದನ್ನೂ ನೋಡಿದ್ದೇನೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಮಳೆಗಾಲದಲ್ಲಿ ರಾತ್ರಿ ಟಾರ್ಚ್ ಹಿಡಿದು ಬಸವನ ಹುಳು ಹೆಕ್ಕಿ. ಅವಕ್ಕೆ ಈ ಎಲೆ ಅಂದರೆ ಪ್ರಾಣ.

ಪ್ರಶ್ನೆ: ನನ್ನ ಆಸ್ಪರಾಗಸ್ ಫರ್ನ್‌ನಲ್ಲಿ ಬಿಳಿ ಹೂ, ಕೆಂಪು ಹಣ್ಣು ಬಂದಿದೆ. ಫರ್ನ್ ಹೂ ಬಿಡಲ್ಲ ಅಂದಿರಲ್ಲ?
— ಕಾಲೇಜು ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಬಿಡಲ್ಲ, ಯಾಕೆಂದರೆ ನಿಮ್ಮದು ಫರ್ನ್ ಅಲ್ಲ. ಅಂಗಡಿಯವರ ಹೆಸರು ಅಷ್ಟೇ. ಅದು ನಮ್ಮ ಶತಾವರಿಯ ಕುಲ, ಅದಕ್ಕೇ ಹೂವು, ಹಣ್ಣು, ಸಣ್ಣ ಮುಳ್ಳು. ನಿಜವಾದ ಜರಿಗಿಂತ ಬಿಸಿಲು ಜಾಸ್ತಿ ತಡೆಯುತ್ತದೆ, ದಾವಣಗೆರೆಗೆ ಒಳ್ಳೆಯ ಗಿಡ. ಮನೆಯಲ್ಲಿ ಬೆಕ್ಕು, ನಾಯಿ ಇದ್ದರೆ ಎತ್ತರದಲ್ಲಿಡಿ, ಆ ಹಣ್ಣು ಅವಕ್ಕೆ ಆಗುವುದಿಲ್ಲ. ಬೋಸ್ಟನ್ ಫರ್ನ್ ತಿಂದರೆ ಅಂಥ ಭಯವಿಲ್ಲ.

ಪ್ರಶ್ನೆ: ಫರ್ನ್ ಇಟ್ಟರೆ ಕೋಣೆಯ ಗಾಳಿ ಶುದ್ಧವಾಗುತ್ತೆ ಅಂತ ನಾಸಾ ಹೇಳಿದೆಯಂತೆ. ಮಲಗುವ ಕೋಣೆಗೆ ಎಷ್ಟು ಕುಂಡ ಬೇಕು?
— ಎಂಜಿನಿಯರ್, ಹುಬ್ಬಳ್ಳಿ

ಉತ್ತರ: 1989ರ ನಾಸಾ ವರದಿ ಇರುವುದು ನಿಜ. ಆದರೆ ಅಲ್ಲಿ ಪರೀಕ್ಷೆ ನಡೆದದ್ದು ಗಾಳಿಯಾಡದ ಮುಚ್ಚಿದ ಪೆಟ್ಟಿಗೆಯಲ್ಲಿ. ನಮ್ಮ ಮನೆಗೆ ಕಿಟಕಿ, ಬಾಗಿಲು ಇವೆ. ಇಂಥ ಹಳೆಯ ಪರೀಕ್ಷೆಗಳನ್ನೆಲ್ಲ 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು ಲೆಕ್ಕ ಹಾಕಿ ನೋಡಿದರು. ಸುಮ್ನೆ ಕಿಟಕಿ ಸಂದಿಯಿಂದ ಆಗುವಷ್ಟು ಗಾಳಿ ಬದಲಾವಣೆಗೆ ಸಮನಾಗಬೇಕಾದರೆ ಒಂದು ಚದರ ಮೀಟರ್‌ಗೆ 10ರಿಂದ 1000 ಗಿಡ ಬೇಕಂತೆ. ನಿಮ್ಮದು 10 ಚದರ ಮೀಟರ್ ಕೋಣೆಯಾದರೆ ಕಡಿಮೆ ಅಂದರೂ 100 ಕುಂಡ. ಮಂಚ ಎಲ್ಲಿಡ್ತೀರಿ? ಎಂಜಿನಿಯರ್ ಅಲ್ವಾ, ಕಿಟಕಿ ತೆಗೆಯಿರಿ. ಜರಿ ಕಣ್ಣಿಗೆ ಚೆಂದ ಅಂತ ಇಟ್ಟುಕೊಳ್ಳಿ. ಅಷ್ಟು ಕಾರಣ ಸಾಲದಾ?

ಪ್ರಶ್ನೆ: ಕೊಡಗಿನ ತವರಿನಲ್ಲಿ ಮಳೆಗಾಲಕ್ಕೆ ತೆರ್ಮೆ ತೊಪ್ಪಿನ ಪಲ್ಯ ತಿಂದು ಬೆಳೆದವಳು ನಾನು. ನನ್ನ ಕುಂಡದ ಫರ್ನ್‌ನಲ್ಲೂ ಹಾಗೇ ಸುರುಳಿ ಚಿಗುರು ಬರುತ್ತೆ. ಅಡುಗೆಗೆ ಆಗುತ್ತಾ?
— ಗೃಹಿಣಿ, ಬೆಂಗಳೂರು

ಉತ್ತರ: ಬೇಡ. ಎಲ್ಲ ಜರಿಯ ಚಿಗುರೂ ಸುರುಳಿಯೇ, ಎಲ್ಲವೂ ಸೊಪ್ಪಲ್ಲ. ತೆರ್ಮೆ ತೊಪ್ಪು ಹೊಳೆಯಂಚಿನ ಬೇರೆಯೇ ಜರಿ, ಹಿರಿಯರು ನೋಡಿ ಗುರುತಿಸಿ ಕೊಯ್ಯುತ್ತಾರೆ. ಬೆಟ್ಟದ ಬಯಲಲ್ಲಿ ಬೆಳೆಯುವ ಬ್ರಾಕೆನ್ ಎಂಬ ಜರಿಯಲ್ಲಿ ಕ್ಯಾನ್ಸರ್ ತರುವ ಅಂಶವೇ ಇದೆ. ಅದೂ ಅಲ್ಲದೆ ನರ್ಸರಿ ಗಿಡಕ್ಕೆ ಯಾವ ಯಾವ ಔಷಧಿ ಬಿದ್ದಿದೆಯೋ! ಮಳೆ ಶುರುವಾದಾಗ ತವರಿನಿಂದಲೇ ತರಿಸಿ.

ಪ್ರಶ್ನೆ: ಬೇಸಿಗೆಯಲ್ಲಿ ನಮ್ಮ ಡೆಕ್ ಮೇಲೆ ಬೋಸ್ಟನ್ ಫರ್ನ್ ಸೊಗಸಾಗಿ ಬರುತ್ತದೆ. ಚಳಿಗಾಲಕ್ಕೆ ಒಳಗೆ ತಂದರೆ ಡಿಸೆಂಬರ್ ಹೊತ್ತಿಗೆ ಬೋಳು.
— ಕನ್ನಡತಿ, ನ್ಯೂಜೆರ್ಸಿ

ಉತ್ತರ: ಬೆಂಗಳೂರಿನ ಒಂಬತ್ತನೇ ಮಹಡಿಗೂ ನಿಮ್ಮ ಹೀಟರ್ ಹಾಕಿದ ಕೋಣೆಗೂ ಜರಿಯ ಮಟ್ಟಿಗೆ ವ್ಯತ್ಯಾಸವಿಲ್ಲ. ಎರಡೂ ಒಣ. ರಾತ್ರಿ 10 ಡಿಗ್ರಿಗೆ ಇಳಿಯುವ ಮೊದಲೇ ಒಳಗೆ ತನ್ನಿ. ಒಮ್ಮೆಲೇ ಅಲ್ಲ, ಒಂದು ವಾರ ರಾತ್ರಿ ಮಾತ್ರ ಒಳಗಿಟ್ಟು ಅಭ್ಯಾಸ ಮಾಡಿಸಿ. ತರುವ ಮೊದಲು ಹಳೇ ಎಲೆ ಅರ್ಧದಷ್ಟು ಕತ್ತರಿಸಿಬಿಡಿ, ಉಳಿದದ್ದಕ್ಕಾದರೂ ನೀರು ಸಾಕಾಗುತ್ತದೆ. ಹೀಟರ್‌ನ ಗಾಳಿ ಬರುವ ಕಂಡಿಯಿಂದ ದೂರ, ಬೆಳಕಿರುವ ತಣ್ಣನೆಯ ಕೋಣೆಯಲ್ಲಿಡಿ. ಬಟ್ಟೆ ಒಗೆಯುವ ಕೋಣೆಗೆ ಕಿಟಕಿ ಇದ್ದರೆ ಅಲ್ಲೇ ಇಡಿ. ನೀರು ಕಡಿಮೆ, ಗೊಬ್ಬರ ಇಲ್ಲವೇ ಇಲ್ಲ. ಸ್ವಲ್ಪ ಎಲೆ ಉದುರಿಯೇ ಉದುರುತ್ತದೆ, ಬುಡ ಹಸಿರಾಗಿದ್ದರೆ ಗಾಬರಿ ಬೇಡ. ಮೇ ತಿಂಗಳಲ್ಲಿ ರಾತ್ರಿಯ ಹಿಮದ ಭಯ ಕಳೆದ ಮೇಲೆ ಹೊರಗಿಡಿ, ಮೊದಲ ವಾರ ಪೂರ್ತಿ ನೆರಳಿನಲ್ಲಿ.